ಹೆರಿಗೆಯಾದ ಮೇಲಿನ ಆ ಎರಡು ಗಂಟೆ

"ಡಾಕ್ಟ್ರೇ, ಎಲ್ಲಿಗೆ ಬೇಕಾದರೂ ಕಳಿಸಿ, ಆ ಆಸ್ಪತ್ರೆಗೆ ಮಾತ್ರ ಬೇಡ."

ಎರಡನೆಯ ಬಾರಿ ಗರ್ಭಿಣಿಯಾಗಿ ನನ್ನ ಬಳಿ ಬಂದ ಇಪ್ಪತ್ತಾರರ ಆ ಹೆಣ್ಣುಮಗಳು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತಿದು. ಜೊತೆಗೆ ಬಂದಿದ್ದ ಅವಳ ತಾಯಿ ಚೀಲದಿಂದ ಹಳೆಯ ಡಿಸ್ಚಾರ್ಜ್ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಸಹಜ ಹೆರಿಗೆ, ಹೆಣ್ಣು ಮಗು, ತೂಕ 2.9 ಕೆ.ಜಿ. ಎಂದು ಬರೆದಿತ್ತು. ಅದರ ಕೆಳಗೆ ಮೂರೇ ಅಕ್ಷರ: ಪಿ.ಪಿ.ಎಚ್. ಹಾಗೆಂದರೇನೆಂದು ಎರಡು ವರ್ಷಗಳಲ್ಲಿ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ನಡೆದದ್ದನ್ನು ತಾಯಿಯೇ ಹೇಳಿದರು. ಬೆಳಗಿನ ಜಾವ ಹೆರಿಗೆಯಾಯಿತು. ಅರ್ಧ ಗಂಟೆಯಲ್ಲಿ ಬಾಣಂತಿಯನ್ನು ವಾರ್ಡಿಗೆ ತಂದು ಮಲಗಿಸಿದರು. ಮನೆಯವರೆಲ್ಲ ಮಗುವಿನ ಸುತ್ತ ನೆರೆದರು. ಮೂಗು ಯಾರದ್ದು, ಬಣ್ಣ ಯಾರದ್ದು ಎಂಬ ಮಾತು. ಸೀರೆ ಒದ್ದೆಯಾಗುತ್ತಿದೆ ಎಂದು ಅವಳು ಆಯಾಗೆ ಹೇಳಿದಳು. "ಹೆರಿಗೆ ಆದ ಮೇಲೆ ರಕ್ತ ಹೋಗದೆ ಇನ್ನೇನಮ್ಮಾ? ಸುಮ್ಮನೆ ಮಲಕ್ಕೋ" ಎಂಬ ಉತ್ತರ ಬಂತು. ತಲೆ ಸುತ್ತುತ್ತಿದೆ ಎಂದಾಗ ರಾತ್ರಿಯೆಲ್ಲ ನಿದ್ದೆಗೆಟ್ಟದ್ದಕ್ಕೆ ಎಂದರು. ಮತ್ತೆ ಮತ್ತೆ ನೀರು ಕೇಳಿದಳು. ಬಾಣಂತಿಗೆ ಅಷ್ಟು ನೀರು ಕೊಟ್ಟರೆ ಶೀತ ಎಂದು ಅತ್ತೆ ಕೊಡಲಿಲ್ಲ. ಮಗಳ ಕೈ ಹಿಡಿದಾಗ ಅದು ಮಂಜಿನಂತೆ ತಣ್ಣಗಿತ್ತು. ತಾಯಿ ಹೊದಿಕೆ ಸರಿಸಿ ಸೊಂಟದ ಕೆಳಗೆ ಕೈಯಿಟ್ಟರು. "ಮಣಿಕಟ್ಟಿನ ತನಕ ಕೆಂಪಾಯ್ತು ಡಾಕ್ಟ್ರೇ" ಎಂದರು. ಅವರು ಕೂಗಿಕೊಂಡು ಓಡಿದ ಮೇಲೆಯೇ ವೈದ್ಯರು ಬಂದದ್ದು. ಗರ್ಭಕೋಶದೊಳಗೆ ಉಳಿದಿದ್ದ ಮಾಸಿನ ಚೂರನ್ನು ತೆಗೆದು, ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಉಳಿಸಿದರು ಎಂಬುದನ್ನೂ ಮರೆಯಬಾರದು.

ಪಿ.ಪಿ.ಎಚ್. ಎಂದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ. ಸಹಜ ಹೆರಿಗೆಯಲ್ಲಿ 500 ಮಿ.ಲೀ.ಗಿಂತ ಹೆಚ್ಚು ರಕ್ತ ಹೋದರೆ ಹೀಗೆನ್ನುವುದು ವಾಡಿಕೆ. ಹೆರಿಗೆಯ ಸಂಬಂಧ ಸಾಯುವ ತಾಯಂದಿರ ಸಾವಿನ ಕಾರಣಗಳಲ್ಲಿ ರಕ್ತಸ್ರಾವವೇ ಮುಂದಿದೆ.

ಇಷ್ಟೊಂದು ರಕ್ತ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗುವಿನ ಹಿಂದೆ ಮಾಸು (ನಮ್ಮಲ್ಲಿ ಕಸ ಎನ್ನುತ್ತಾರಲ್ಲ, ಅದು) ಕಳಚಿಬಿದ್ದಾಗ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯ್ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳು. ಹೆಣೆದ ಹಗ್ಗದಂತಿರುವ ಈ ಸ್ನಾಯುಗಳು ಬಿಗಿದುಕೊಂಡು ಒಂದೊಂದು ನಾಳವನ್ನೂ ಹಿಚುಕಿ ಹಿಡಿಯುತ್ತವೆ. ಹೊಕ್ಕುಳ ಬಳಿ ಕೈಯಿಟ್ಟರೆ ಗರ್ಭಕೋಶ ಗಟ್ಟಿ ಚೆಂಡಿನಂತೆ ಸಿಗಬೇಕು. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ಅಪಾಯ. ಮಾಸಿನ ಚೂರು ಉಳಿದಿದ್ದರೆ, ಅವಳಿ ಮಕ್ಕಳಿಂದ ಗರ್ಭಕೋಶ ಬಹಳ ಹಿಗ್ಗಿದ್ದರೆ, ಹೆರಿಗೆ ನೋವು ಬಹಳ ಹೊತ್ತು ಎಳೆದಿದ್ದರೆ, ಅಷ್ಟೇಕೆ, ಮೂತ್ರಕೋಶ ತುಂಬಿಕೊಂಡಿದ್ದರೂ ಅದು ಸರಿಯಾಗಿ ಬಿಗಿದುಕೊಳ್ಳದು. ಹೆರಿಗೆ ದಾರಿಯಲ್ಲಿ ಹರಿದ ಗಾಯದಿಂದಲೂ ರಕ್ತ ಸುರಿಯಬಹುದು.

ಇಲ್ಲಿ ಎರಡು ಮೋಸಗಳಿವೆ. ಹರೆಯದ ಹೆಣ್ಣಿನ ದೇಹ ಸಾಕಷ್ಟು ರಕ್ತ ಹೋಗುವವರೆಗೂ ರಕ್ತದೊತ್ತಡವನ್ನು ಹಿಡಿದಿಟ್ಟುಕೊಂಡಿರುತ್ತದೆ. ನಾಡಿ ವೇಗವಾಗುವುದು ಮೊದಲು, ಒತ್ತಡ ಬೀಳುವುದು ಆಮೇಲೆ. ಆದ್ದರಿಂದ "ಬಿ.ಪಿ. ಸರಿಯಾಗಿದೆ" ಎಂಬ ಒಂದೇ ಮಾತಿಗೆ ಸಮಾಧಾನಪಟ್ಟುಕೊಳ್ಳಲಾಗದು. ಎರಡನೆಯದು ನಮ್ಮ ಕಣ್ಣಿನ ಮೋಸ. ಸೀರೆ, ಬಟ್ಟೆ, ರಬ್ಬರ್ ಹಾಸು ಹೀರಿಕೊಂಡ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಅದು ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಅನುಭವಿ ವೈದ್ಯರೂ ಇದಕ್ಕೆ ಹೊರತಲ್ಲ.

ಇದಕ್ಕೊಂದು ಸುಲಭ ಉಪಾಯ ನಮ್ಮ ಬೆಳಗಾವಿಯಲ್ಲೇ ಪರೀಕ್ಷೆಗೆ ಒಳಗಾಯಿತು ಎಂಬುದು ಬಹಳ ಮಂದಿಗೆ ತಿಳಿಯದು. ಹೆರಿಗೆಯಾದೊಡನೆ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಎಷ್ಟು ಹೋಯಿತೆಂದು ಹಾಲಿನ ಅಳತೆಯಂತೆ ನೋಡಿ ಹೇಳಬಹುದು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ನಡೆಸಿದ ಅಧ್ಯಯನದಲ್ಲಿ ಇದನ್ನು ಬಳಸಿದ್ದರು. ಎ.ಎನ್.ಎಂ. ಸಿಸ್ಟರ್‌ಗಳು ಹೆರಿಗೆಯಾದೊಡನೆ ಮಿಸೋಪ್ರೋಸ್ಟಾಲ್ ಮಾತ್ರೆ ನುಂಗಿಸಿದಾಗ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಇದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಮೇಲೆ ಆಫ್ರಿಕಾದ ನಾಲ್ಕು ದೇಶಗಳ ಸುಮಾರು 80 ಆಸ್ಪತ್ರೆಗಳಲ್ಲಿ ಇಂಥದ್ದೇ ಅಳತೆಯ ಹಾಳೆ ಹಾಸಿ, ರಕ್ತ ಹೆಚ್ಚೆಂದು ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಆರಂಭಿಸಿ ನೋಡಿದರು. ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ತಿಕ್ಕುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲದ ಇಂಜೆಕ್ಷನ್, ಡ್ರಿಪ್, ಗಾಯವಿದೆಯೇ ಎಂದು ಪರೀಕ್ಷೆ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ. ಒಂದಾದ ಮೇಲೊಂದು ಮಾಡಿ ಕಾಯುತ್ತ ಕೂರುವುದಿಲ್ಲ. 2023ರಲ್ಲಿ ಹೊರಬಂದ ಫಲಿತಾಂಶದಂತೆ, ಒಂದು ಲೀಟರ್ ದಾಟುವ ಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಸಾವು ಇವೆಲ್ಲ ಸೇರಿ ನೂರಕ್ಕೆ 60ರಷ್ಟು ತಗ್ಗಿದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಂದು ಸೂಚನೆ ಕೊಟ್ಟಿತು: 300 ಮಿ.ಲೀ. ಹೋಗಿ ನಾಡಿಯೋ ರಕ್ತದೊತ್ತಡವೋ ಏರುಪೇರಾಗಿದ್ದರೆ, 500 ಆಗಲೆಂದು ಕಾಯಬೇಡಿ.

ಇದೆಲ್ಲ ವೈದ್ಯರ ಕೆಲಸ, ನಮ್ಮದೇನು ಎನ್ನಬೇಡಿ. ಮಗುವನ್ನು ನೋಡಲು ಹತ್ತು ಮಂದಿ ಇರುತ್ತಾರೆ; ಮೊದಲ ಎರಡು ಗಂಟೆ ಒಬ್ಬರಾದರೂ ತಾಯಿಯ ಪಕ್ಕ ಕುಳಿತಿರಲಿ. ಆಗಾಗ ಹೊದಿಕೆ ಸರಿಸಿ ನೋಡಲಿ. ಪ್ಯಾಡು ಗಂಟೆಯೊಳಗೇ ತೊಯ್ದು ತೊಪ್ಪೆಯಾದರೆ, ನಿಂಬೆಹಣ್ಣಿಗಿಂತ ದೊಡ್ಡ ಗೆಡ್ಡೆ ಬಿದ್ದರೆ, ಬಾಣಂತಿ ಬಿಳಿಚಿಕೊಂಡು ಬೆವರಿದರೆ, ಮೈ ತಣ್ಣಗಾದರೆ, ಗಾಬರಿಯಿಂದ ಹೊರಳಾಡಿದರೆ ಸಿಸ್ಟರನ್ನು ಕರೆಯಿರಿ. "ಹೊಟ್ಟೆ ಗಟ್ಟಿಯಾಗಿದೆಯೇ, ನೋಡಿ" ಎಂದು ಬಾಯಿಬಿಟ್ಟು ಕೇಳಿ. ಬೈದರೂ ಸರಿ, ಇನ್ನೊಮ್ಮೆ ಕೇಳಿ. ನೀರು ಕೊಡಬೇಡಿ ಎಂದು ವೈದ್ಯರು ಹೇಳಿರದಿದ್ದರೆ ನೀರು ಕೊಡಿ. ಮೂತ್ರ ಮಾಡಿಸಿ. ಮಗುವನ್ನು ಬೇಗ ಎದೆಗೆ ಹಚ್ಚಿ; ಮಗು ಚೀಪಿದಾಗ ತಾಯಿಯ ದೇಹದಲ್ಲೇ ಆಕ್ಸಿಟೋಸಿನ್ ಸ್ರವಿಸಿ ಗರ್ಭಕೋಶ ಬಿಗಿಯುತ್ತದೆ. ಮನೆಗೆ ಬಂದ ಮೇಲೂ, ಹನ್ನೆರಡು ವಾರಗಳವರೆಗೆ, ಒಮ್ಮೆಲೇ ರಕ್ತ ಹೆಚ್ಚಾದರೆ ಅಥವಾ ದುರ್ವಾಸನೆ, ಜ್ವರ ಕಂಡರೆ ಅದು ಮೈಲಿಗೆಯ ಮಾತಲ್ಲ, ಆಸ್ಪತ್ರೆಯ ಮಾತು.

ಸಿದ್ಧತೆ ನಡೆಯಬೇಕಾದ್ದು ಬಸಿರಿನಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ರಕ್ತವಿಲ್ಲದವಳಿಗೆ ಅರ್ಧ ಲೀಟರೂ ಪ್ರಾಣಕ್ಕೆ ಎರವಾಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಮಗು ಕಪ್ಪಾಗುತ್ತದೆ ಎಂಬ ಹೆದರಿಕೆಯಿಂದ ಕಿಟಕಿಯಾಚೆ ಎಸೆಯುವವರು ಇಂದಿಗೂ ಇದ್ದಾರೆ. ಕಪ್ಪಾಗುವುದು ಮಲ, ಮಗುವಲ್ಲ! ಕಾಫಿ, ಟೀ ಜೊತೆ ಮಾತ್ರೆ ನುಂಗಬೇಡಿ. ಹೆರಿಗೆಯಾದ ಮೇಲೂ ಆರು ತಿಂಗಳು ನಿಲ್ಲಿಸಬೇಡಿ.

ಮತ್ತೆ ಆ ತಾಯಿಯ ವಿಷಯ. ಎದೆಹಾಲು ಬಂದಿತ್ತೇ, ಮುಟ್ಟು ಮರಳಿತ್ತೇ ಎಂದು ಮೊದಲು ಕೇಳಿದೆ. ತೀವ್ರ ರಕ್ತಸ್ರಾವದಿಂದ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬಿದ್ದರೆ ಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಸದಾ ಸುಸ್ತು, ಚಳಿ. ಇವಳಿಗೆ ಹಾಗಾಗಿರಲಿಲ್ಲ. ಆದರೆ ಎರಡು ವರ್ಷವೂ ರಾತ್ರಿ ಬೆಚ್ಚಿ ಏಳುತ್ತಿದ್ದಳು. "ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದೆ. ನನ್ನ ಮಾತು ಯಾರೂ ಕೇಳಲಿಲ್ಲ, ನಾನು ಜೋರಾಗಿ ಹೇಳಬೇಕಿತ್ತೇನೋ" ಎಂದಳು. ನಾನು ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಮಾಸಿನ ಚೂರು ಎಲ್ಲಿ ಉಳಿಯುತ್ತದೆ ಎಂದು ತೋರಿಸಿ ವಿವರಿಸಿದೆ. ಆಕೆ ಬಹಳ ಹೊತ್ತು ಅತ್ತಳು. ಕೆಲಸದ ಒತ್ತಡದಲ್ಲಿ ನಾವು ವೈದ್ಯರು ಇಂಥ ಹತ್ತು ನಿಮಿಷವನ್ನು ಉಳಿಸಿಕೊಳ್ಳುತ್ತೇವೆ. ಅದರ ಸಾಲವನ್ನು ರೋಗಿ ತೀರಿಸುತ್ತಾಳೆ.

ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಆದ್ದರಿಂದ ಅವಳ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಹಿಂದಿನ ಹೆರಿಗೆಯ ಕಥೆ, ರಕ್ತದ ಗುಂಪು ಎರಡನ್ನೂ ಬರೆದೆವು. ಈ ಬಾರಿ ರಕ್ತನಿಧಿಯೂ ಶಸ್ತ್ರಚಿಕಿತ್ಸೆಯ ಸೌಲಭ್ಯವೂ ಇರುವ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಲ್ಲಿ ರಕ್ತಕ್ಕೂ ಹಣ ಕೊಡಬೇಕಿಲ್ಲ. ಮೊದಲ ಭೇಟಿಯಲ್ಲಿ 9 ಗ್ರಾಂ ಇದ್ದ ಹಿಮೋಗ್ಲೋಬಿನ್ ಕಳೆದ ವಾರ 11 ದಾಟಿದೆ. ಮೊದಲ ಎರಡು ಗಂಟೆ ಪಕ್ಕದಲ್ಲಿ ಯಾರು ಕೂರಬೇಕೆಂದು ಮನೆಯಲ್ಲಿ ಮಾತಾಗಿದೆಯಂತೆ. ಅತ್ತೆಯೇ ಕೂರುತ್ತಾರಂತೆ, ನೀರಿನ ಚೊಂಬು ಇಟ್ಟುಕೊಂಡು.