ಗಾಳ ಮತ್ತು ಕೃತಕ ಎರೆಗಳ ದಾಸ್ತಾನು: ವಿಂಗಡಣೆ, ಲೇಬಲ್ ಹಾಗೂ ಲೆಕ್ಕ

ಯಾದಗಿರಿಯ ಮಗ್ಗುಲಲ್ಲಿ ಭೀಮಾ ನದಿ, ಶಹಾಪುರ–ಸುರಪುರ ಸೀಮೆಯ ದಕ್ಷಿಣದ ಅಂಚಿನಲ್ಲಿ ಕೃಷ್ಣಾ ನದಿ, ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ, ಅಲ್ಲಿಂದ ಹೊರಟ ಎಡದಂಡೆ ಕಾಲುವೆ. ಇಷ್ಟು ನೀರಿರುವ ಸೀಮೆಯಲ್ಲಿ ಮೀನು ಹಿಡಿಯುವ ಸಾಮಗ್ರಿಗಳ ವ್ಯಾಪಾರವಿರುವುದು ಸಹಜ. ಹಿಂದೆ ಈ ಸಾಮಗ್ರಿಯು ಹಗ್ಗ, ನೂಲು, ಬಲೆ ಮಾರುವ ಅಂಗಡಿಯ ಒಂದು ಮೂಲೆಯಲ್ಲಿರುತ್ತಿತ್ತು. ಬಲೆಯ ನೂಲು, ಸೀಸದ ಗುಂಡು, ಕೆಲವು ಗಾತ್ರದ ಗಾಳಗಳು. ಇಷ್ಟಾದರೆ ದಾಸ್ತಾನು ಮುಗಿಯಿತು. ಈಗ ಕೋಲು ಮತ್ತು ರೀಲು ಹಿಡಿದು ಹವ್ಯಾಸಕ್ಕಾಗಿ ನದಿಗೆ ಹೋಗುವ ಯುವಕರೂ ಗಿರಾಕಿಗಳಾಗಿದ್ದಾರೆ. ಕೊರವ, ಬಾಳೆಮೀನುಗಳಂತಹ ಬೇಟೆಗಾರ ಮೀನುಗಳನ್ನು ಸೆಳೆಯುವ ಕೃತಕ ಎರೆ, ಅಂದರೆ ವ್ಯಾಪಾರದ ಭಾಷೆಯಲ್ಲಿ 'ಲೂರ್', ಬಗೆಬಗೆಯ ಆಕಾರ, ತೂಕ ಹಾಗೂ ಬಣ್ಣಗಳಲ್ಲಿ ಅಂಗಡಿಗೆ ಬರುತ್ತಿದೆ. ಒಂದು ಸಣ್ಣ ಅಂಗಡಿಯಲ್ಲಿಯೂ ನೂರಾರು ಬಗೆಗಳು ಸೇರುವುದು ಕಷ್ಟವೇನಲ್ಲ.

ಇಂತಹ ದಾಸ್ತಾನನ್ನು ವಿಂಗಡಿಸಿ ಲೇಬಲ್ ಹಚ್ಚುವುದು ಅಂಗಡಿಯ ಅಂದಕ್ಕಾಗಿ ಮಾಡುವ ಕೆಲಸವೆಂದು ಹಲವು ವರ್ತಕರು ಭಾವಿಸಿದ್ದಾರೆ. ಅದು ಲೆಕ್ಕಪತ್ರದ ಬುನಾದಿ ಎಂಬುದನ್ನು ನನಗೆ ತಿಳಿಸಿಕೊಟ್ಟದ್ದು ನನ್ನ ಕಕ್ಷಿದಾರರೊಬ್ಬರ ಮನೆಯ ಪ್ರಸಂಗ.

ನಮ್ಮ ಜಿಲ್ಲೆಯ ಪಟ್ಟಣವೊಂದರಲ್ಲಿ ಹಿರಿಯ ವರ್ತಕರೊಬ್ಬರು ಇಂತಹ ಅಂಗಡಿಯನ್ನು ಬಹುಕಾಲ ನಡೆಸಿ ನಿಧನರಾದರು. ಪ್ರತಿ ಪೊಟ್ಟಣದ ಮೇಲೂ ಅವರ ಕೈಬರಹದ ಒಂದು ಚೀಟಿ ಇತ್ತು. ಆದರೆ ಅದರಲ್ಲಿ ಅಂಕಿಗಳಿರಲಿಲ್ಲ. ಎರಡು ಮೂರು ಅಕ್ಷರಗಳಿದ್ದವು. ಅಸಲು ಬೆಲೆ ಗಿರಾಕಿಗೆ ತಿಳಿಯದಿರಲೆಂದು, ಹತ್ತು ಅಕ್ಷರಗಳಿಗೆ ಹತ್ತು ಅಂಕಿಗಳನ್ನು ಕೊಟ್ಟು ಬರೆಯುವ ಹಳೆಯ ಸಂಕೇತ ಪದ್ಧತಿ ಅದು. ಸಂಕೇತ ಅವರಿಗೊಬ್ಬರಿಗೇ ಗೊತ್ತಿತ್ತು. ಅಂಗಡಿಯಲ್ಲಿ ಕುಳಿತಿದ್ದ ಹಿರಿಯ ಮಗ ದಾಸ್ತಾನು ಎರಡು ಲಕ್ಷ ರೂಪಾಯಿ ಎಂದರು. ಪರಸ್ಥಳದಲ್ಲಿ ನೌಕರಿಯಲ್ಲಿದ್ದ ಕಿರಿಯ ಮಗ ಐದು ಲಕ್ಷಕ್ಕೆ ಕಡಿಮೆಯಿಲ್ಲ ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇಬ್ಬರಿಗೂ ತಿಳಿದಿರಲಿಲ್ಲ. ಆದರೂ ಒಂದೇ ಮನೆಯಲ್ಲಿ ಬೆಳೆದವರು ತಂದೆಯ ಮಾಸಿಕದ ಹೊತ್ತಿಗೆ ಪರಸ್ಪರ ಮಾತು ಬಿಟ್ಟಿದ್ದರು. ಬ್ಯಾಂಕಿನ ಸಾಲಕ್ಕೆ ದಾಸ್ತಾನಿನ ತಃಖ್ತೆ ಕೊಡುವುದೂ ನಿಂತಿತ್ತು. ಅಂಗಡಿ ಮುಚ್ಚುವ ಮಾತು ಬಂದಿತ್ತು.

ಹಳೆಯ ಖರೀದಿ ಬಿಲ್ಲುಗಳನ್ನು ಪೊಟ್ಟಣಗಳೊಂದಿಗೆ ತಾಳೆ ನೋಡುತ್ತಾ ಮೂರನೆಯ ದಿನ ಸಂಕೇತ ಬಿಡಿಸಿಕೊಂಡಿತು. ಎಣಿಕೆ ಮುಗಿಯಲು ಮತ್ತೆ ಎಂಟು ದಿನ ಬೇಕಾಯಿತು. ಆ ಹನ್ನೊಂದು ದಿನಗಳಲ್ಲಿ ನಾವು ಅನುಸರಿಸಿದ ಕ್ರಮವನ್ನೇ ಸದಸ್ಯ ಬಾಂಧವರ ಉಪಯೋಗಕ್ಕಾಗಿ ಇಲ್ಲಿ ವಿವರಿಸಿದ್ದೇನೆ.

1. ವಿಂಗಡಣೆ

ಮೊದಲು ಸರಕನ್ನು ಐದು ವರ್ಗಗಳಾಗಿ ಮಾಡಬೇಕು: ಗಾಳ, ಕೃತಕ ಎರೆ, ದಾರ, ಕೋಲು–ರೀಲು, ಬಲೆ. ಕೃತಕ ಎರೆಗಳನ್ನು ಆಕಾರಕ್ಕೆ ತಕ್ಕಂತೆ ಕಪ್ಪೆ, ಮೀನು, ಹುಳು, ತಗಡಿನ ಚಮಚ, ತಿರುಗುವ ತಗಡು ಎಂದು ವಿಭಾಗಿಸಿ, ಪ್ರತಿಯೊಂದರಲ್ಲಿ ತೇಲುವುದು ಮತ್ತು ಮುಳುಗುವುದು ಎಂದು ಬೇರ್ಪಡಿಸಬೇಕು. ಬಣ್ಣ ಕೊನೆಯದು. ಬಣ್ಣದಿಂದ ಆರಂಭಿಸಿದವರ ಹಸಿರು ಪೆಟ್ಟಿಗೆಯಲ್ಲಿ ಐದು ಗ್ರಾಮಿನ ಹುಳುವೂ ಇಪ್ಪತ್ತು ಗ್ರಾಮಿನ ಮೀನೂ ಸೇರಿಕೊಂಡು, ಬೆಲೆಯ ಗೊಂದಲವಾಗುತ್ತದೆ.

ಗಾಳಗಳ ಗಾತ್ರದಲ್ಲಿ ವಿಶೇಷ ಎಚ್ಚರಿಕೆ ಬೇಕು. ಬಳೆಯ ವ್ಯಾಪಾರಿಗೆ 2–4ಕ್ಕಿಂತ 2–6 ದೊಡ್ಡದು. ಗಾಳದಲ್ಲಿ ಬರಿಯ ಅಂಕಿ ಹೆಚ್ಚಿದಷ್ಟು ಗಾಳ ಚಿಕ್ಕದು: 2ನೇ ನಂಬರಿಗಿಂತ 10ನೇ ನಂಬರು ಚಿಕ್ಕದು. ಅಂಕಿಯ ಮುಂದೆ ಓರೆಗೆರೆ ಹಾಗೂ ಸೊನ್ನೆ ಬಂದರೆ ಕ್ರಮ ತಿರುಗುತ್ತದೆ: 1/0ಕ್ಕಿಂತ 5/0 ದೊಡ್ಡದು. ಆದುದರಿಂದ 5 ಮತ್ತು 5/0 ಸಂಪೂರ್ಣ ಬೇರೆ ಸರಕುಗಳು. ಮೇಲೆ ಹೇಳಿದ ಅಂಗಡಿಯಲ್ಲಿ ಕೆಲಸದ ಹುಡುಗನು ಓರೆಗೆರೆಯನ್ನು ಬಿಟ್ಟು ಬರೆದುದರಿಂದ ಒಂದು ಪೂರ್ಣ ಡಬ್ಬಿ ದೊಡ್ಡ ಗಾಳಗಳು ಸಣ್ಣ ಗಾಳದ ದರದಲ್ಲಿ ಮಾರಾಟವಾಗಿದ್ದವು.

2. ಸಂಗ್ರಹಣೆ

ಮೆದು ಪ್ಲಾಸ್ಟಿಕ್ಕಿನ ಎರೆಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನ ಎರೆಗಳೊಂದಿಗೆ ಒಂದೇ ಖಾನೆಯಲ್ಲಿಡಬಾರದು. ಮೆದುತನಕ್ಕಾಗಿ ಬೆರೆಸಿದ ರಾಸಾಯನಿಕವು ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಹಾಗೂ ಬಣ್ಣವನ್ನು ಕರಗಿಸಿ ಅಂಟುಮಾಡುತ್ತದೆ. ಕಡುಬಣ್ಣದ ಮೆದು ಎರೆ ತಿಳಿಬಣ್ಣದ್ದಕ್ಕೆ ತಾಗಿದರೆ ಬಣ್ಣ ಹತ್ತುತ್ತದೆ. ಆದುದರಿಂದ ಮೆದು ಎರೆಗಳನ್ನು ಅವು ಬಂದ ಮೂಲ ಚೀಲದಲ್ಲಿಯೇ ಇಡುವುದು ಕ್ಷೇಮ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟದ ಮೇಲೆ ಇವನ್ನು ಇಡುವುದು ಸಲ್ಲದು. ನೆಲದ ಸಮೀಪದ ಖಾನೆಯೇ ಯೋಗ್ಯ. ಗಾಳಗಳಿಗೆ ತೇವವೇ ಶತ್ರು. ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣವೊಂದನ್ನು ಹಾಕಿಡಬೇಕು.

3. ಲೇಬಲ್

ಲೇಬಲ್ ಬರೆಯುವಾಗ ಒಂದೇ ಪರೀಕ್ಷೆ ಸಾಕು: ಬರೆದವನು ಇಲ್ಲದ ದಿನ ಮತ್ತೊಬ್ಬನು ಅದನ್ನು ಓದಿ ಸರಕನ್ನು ಗುರುತಿಸಬಲ್ಲನೇ? ನಾವು ಬಳಸಿದ ಮಾದರಿ ಹೀಗಿದೆ: 'ಎರೆ – ಕಪ್ಪೆ – ತೇಲು – 10 ಗ್ರಾಂ – ಹಸಿರು – ಖಾನೆ 3'. ಇದರ ಕೆಳಗೆ ಖರೀದಿ ಬಿಲ್ಲಿನ ಸಂಖ್ಯೆ ಹಾಗೂ ತಿಂಗಳು. ಅಸಲು ಬೆಲೆಯನ್ನು ಗುಪ್ತವಾಗಿಡುವ ಇಚ್ಛೆ ತಪ್ಪಲ್ಲ. ಆದರೆ ಸಂಕೇತದ ಕೀಲಿಯನ್ನು ದಾಸ್ತಾನು ಪುಸ್ತಕದಲ್ಲಿ ಬರೆದು, ಮನೆಯವರೊಬ್ಬರಿಗೆ ತಿಳಿಸಿರಬೇಕು. ಬಿಲ್ಲಿನ ಸಂಖ್ಯೆ ಇದ್ದರೆ ಸಂಕೇತದ ಅಗತ್ಯವೇ ಇರುವುದಿಲ್ಲ.

ಮೂಲ ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು–ವಿಳಾಸಗಳ ಮೇಲೆ ನಮ್ಮ ಚೀಟಿ ಅಂಟಿಸಬಾರದು. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಮುದ್ರಿತ ಚಿಲ್ಲರೆ ಬೆಲೆಯನ್ನು ಅಳಿಸುವುದು, ತಿದ್ದುವುದು ನಿಷಿದ್ಧ.

ತೆರಿಗೆಯ ದರವನ್ನು ಲೇಬಲ್ಲಿನಲ್ಲಿ ಬರೆಯದೆ, ಸರಕಿನ ವರ್ಗೀಕರಣ ಸಂಖ್ಯೆಯನ್ನು ಬರೆಯುವುದು ಲೇಸು. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯಲ್ಲಿ ಅನೇಕ ಸರಕುಗಳ ದರಗಳು ಬದಲಾದುದು ಎಲ್ಲರಿಗೂ ನೆನಪಿದೆ. ದರ ಬರೆದಿಟ್ಟವರು ಚೀಟಿಗಳನ್ನೆಲ್ಲ ತಿದ್ದಬೇಕಾಯಿತು. ಕೋಲಿಗೆ 950710, ಗಾಳಕ್ಕೆ 950720, ರೀಲಿಗೆ 950730, ಕೃತಕ ಎರೆ ಮುಂತಾದ ಇತರ ಸಾಮಗ್ರಿಗೆ 950790. ಸಿದ್ಧಪಡಿಸಿದ ಮೀನುಬಲೆಗಳು 5608ರ ಶೀರ್ಷಿಕೆಯಡಿ ಬರುತ್ತವೆ.

4. ಎಣಿಕೆ

ಮಾರ್ಚ್ 31ರಂದು ಒಂದೇ ದಿನ ಎಲ್ಲವನ್ನೂ ಎಣಿಸಲು ಹೊರಟರೆ ಅಂದಾಜೇ ಗತಿಯಾಗುತ್ತದೆ. ತಿಂಗಳಿಗೆ ಒಂದು ಕಪಾಟಿನಂತೆ ಸರದಿಯಲ್ಲಿ ಎಣಿಸಿ, ವ್ಯತ್ಯಾಸವನ್ನು ಆ ತಿಂಗಳಲ್ಲಿಯೇ ದಾಖಲಿಸಿದರೆ ವರ್ಷಾಂತ್ಯದ ಭಾರ ಕಡಿಮೆ. ಸಣ್ಣ ಗಾಳಗಳನ್ನು ಒಂದೊಂದಾಗಿ ಎಣಿಸಬೇಕಿಲ್ಲ. ಒಂದೇ ಗಾತ್ರದ 100 ಗಾಳಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಉಳಿದುದನ್ನು ಆ ತೂಕದಿಂದ ಭಾಗಿಸಿದರೆ ಸಾಕು.

5. ಮೌಲ್ಯಮಾಪನ

ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಾಟದಿಂದ ಕೈಗೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಹಿಡಿಯಬೇಕು. ಉದಾಹರಣೆಗೆ ಕಪ್ಪೆ ಎರೆಗಳನ್ನು ಮೊದಲು 90 ರೂಪಾಯಿಯಂತೆ 40, ಬಳಿಕ 110 ರೂಪಾಯಿಯಂತೆ 60 ಕೊಂಡಿರೆಂದು ಭಾವಿಸೋಣ. ಒಟ್ಟು 100 ಎರೆಗಳಿಗೆ 10,200 ರೂಪಾಯಿ, ಸರಾಸರಿ 102. ಎಪ್ಪತ್ತು ಮಾರಾಟವಾಗಿ 30 ಉಳಿದರೆ, ಸರಾಸರಿ ವಿಧಾನದಲ್ಲಿ ಅದರ ಬೆಲೆ 3,060. ಮೊದಲು ಬಂದದ್ದು ಮೊದಲು ಹೋಯಿತೆಂಬ ವಿಧಾನದಲ್ಲಿ 3,300. ಎರಡೂ ವಿಧಾನಗಳು ಸಮ್ಮತವೇ. ಆದರೆ ವರ್ಷಕ್ಕೊಂದು ವಿಧಾನ ಬದಲಿಸುವಂತಿಲ್ಲ. ಆ 30ರಲ್ಲಿ 8 ಎರೆಗಳು ಬಣ್ಣಗೆಟ್ಟು ತಲಾ 40 ರೂಪಾಯಿಗೆ ಮಾತ್ರ ಹೋಗುವಂತಿದ್ದರೆ, ಸರಾಸರಿ ವಿಧಾನದಲ್ಲಿ 22ಕ್ಕೆ 2,244, ಎಂಟಕ್ಕೆ 320, ಒಟ್ಟು 2,564. ಹೂಡುವಳಿ ತೆರಿಗೆ ಜಮಾ ಪಡೆದಿದ್ದರೆ ಆ ತೆರಿಗೆಯನ್ನು ಅಸಲು ಬೆಲೆಯಲ್ಲಿ ಸೇರಿಸಬಾರದು.

ಬೆಲೆ ಇಳಿಸಿ ಮಾರಿದ ಸರಕಿನ ತೆರಿಗೆ ಜಮೆಗೆ ಬಾಧೆಯಿಲ್ಲ. ಆದರೆ ತುಕ್ಕು ಹಿಡಿದು ಬಿಸಾಡಿದ, ಕಳವಾದ, ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿ ಇಲ್ಲದ ನೋಂದಾಯಿತ ವರ್ತಕರು ಆರಂಭಿಕ ದಾಸ್ತಾನು, ಬಂದದ್ದು, ಹೋದದ್ದು, ನಷ್ಟವಾದದ್ದು ಮತ್ತು ಉಳಿದದ್ದನ್ನು ಸರಕುವಾರು ಬರೆದಿಡುವುದು ಕಡ್ಡಾಯ. ಲೇಬಲ್ ಇಲ್ಲದ ಅಂಗಡಿಯಲ್ಲಿ ಈ ನಿಯಮವನ್ನು ಪಾಲಿಸುವುದು ಅಸಾಧ್ಯವೆಂದೇ ಹೇಳಬೇಕು.

ಇನ್ನು ಆ ಅಂಗಡಿಯ ವಿಷಯ. ಎಣಿಕೆಯ ನಂತರ ದಾಸ್ತಾನಿನ ಬೆಲೆ ಮೂರು ಲಕ್ಷ ನಲವತ್ತು ಸಾವಿರವೆಂದು ನಿಷ್ಕರ್ಷೆಯಾಯಿತು. ಇಬ್ಬರ ಅಂದಾಜೂ ತಪ್ಪಾಗಿತ್ತು. ಆದ್ದರಿಂದಲೇ ಯಾರೂ ಸೋತಂತಾಗಲಿಲ್ಲ. ಕಿರಿಯರು ತಮ್ಮ ಪಾಲನ್ನು ಕಂತುಗಳಲ್ಲಿ ಪಡೆಯಲು ಒಪ್ಪಿ ಸಹಿ ಮಾಡಿದರು. ಅಂಗಡಿ ಇಂದಿಗೂ ನಡೆಯುತ್ತಿದೆ. ಸಂಕೇತದ ಹತ್ತು ಅಕ್ಷರಗಳನ್ನು ಕ್ರಮವಾಗಿ ಜೋಡಿಸಿದಾಗ ಅದು ಇಬ್ಬರು ಮಕ್ಕಳ ಹೆಸರುಗಳನ್ನು ಸೇರಿಸಿ ಮಾಡಿದ ಪದವಾಗಿತ್ತು. ಅದನ್ನು ಅವರಿಬ್ಬರಿಗೆ ಹೇಳಲು ತಂದೆಯವರಿಗೆ ಸಮಯ ಸಿಕ್ಕಿರಲಿಲ್ಲ.

ಬಿಡಿಭಾಗ, ವಿದ್ಯುತ್ ಸಾಮಗ್ರಿ, ಬಳೆ, ಗುಂಡಿ–ದಾರ ಮಾರುವ ವರ್ತಕರಿಗೂ ಈ ಕ್ರಮವೇ ಅನ್ವಯಿಸುತ್ತದೆ. ಸದಸ್ಯ ಬಾಂಧವರು ಮಾರ್ಚ್ ಅಂತ್ಯಕ್ಕೆ ಕಾಯದೆ ಈ ತಿಂಗಳೇ ಒಂದು ಕಪಾಟಿನಿಂದ ಆರಂಭಿಸಬೇಕೆಂದೂ, ಬರೆದ ಚೀಟಿಯನ್ನು ಮನೆಯವರೊಬ್ಬರಿಂದ ಓದಿಸಿ ನೋಡಬೇಕೆಂದೂ ವಿನಂತಿ.