ತುದಿ ಬಿಟ್ಟ ತಂತಿಯಲ್ಲೂ ವಿದ್ಯುತ್ತೇ?

ಮಕ್ಕಳೇ, ವಿದ್ಯುತ್ ಮಂಡಲ ಪೂರ್ಣಗೊಂಡರೆ ಮಾತ್ರ ಬಲ್ಬು ಉರಿಯುತ್ತದೆ ಎಂದು ನೀವು ಕಲಿತಿದ್ದೀರಿ. ಈಗ ರೇಡಿಯೋದ ಆಂಟೆನಾ ನೋಡಿ. ಅದರ ತುದಿ ಗಾಳಿಯಲ್ಲಿ ಸುಮ್ಮನೆ ನಿಂತಿದೆ. ಆದರೂ ಅದರಲ್ಲಿ ವಿದ್ಯುತ್ ಹರಿಯುತ್ತದೆ! ಹೇಗೆ?

ಅತಿ ಸರಳವಾದ ಆಂಟೆನಾದ ಹೆಸರು ಡೈಪೋಲ್. ಒಂದೇ ಸಾಲಿನಲ್ಲಿ ಸಮ ಉದ್ದದ ಎರಡು ತಂತಿಗಳು, ನಡುವೆ ಸಣ್ಣ ಬಿಡುವು. ರೇಡಿಯೋಗೆ ಸಂಪರ್ಕ ಕೊಡುವುದು ಈ ನಡುವಿನಲ್ಲೇ. ಜರ್ಮನಿಯ ಹೈನ್ರಿಚ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಇಂಥದೇ ಸಾಧನದಿಂದ ರೇಡಿಯೋ ತರಂಗಗಳನ್ನು ಉಂಟುಮಾಡಿ ತೋರಿಸಿದರು.

ಇದನ್ನು ತಿಳಿಯಲು ಒಂದು ಮಾದರಿ ಮಾಡೋಣ. ಉದ್ದನೆಯ ತಟ್ಟೆಯಲ್ಲಿ ಎರಡು ಬೆರಳು ಎತ್ತರ ನೀರು ಹಾಕಿ, ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ನೀರಿಗೆ ಹೊರಹೋಗುವ ದಾರಿಯಿಲ್ಲ. ಆದರೂ ಅದು ತುದಿಯಿಂದ ತುದಿಗೆ ತುಯ್ದಾಡುತ್ತದೆ. ತುದಿಗಳಲ್ಲಿ ನೀರಿನ ಮಟ್ಟ ಏರಿಳಿಯುತ್ತದೆ. ಹರಿವು ಹೆಚ್ಚಾಗಿರುವುದು ನಡುವೆ. ಡೈಪೋಲ್‌ನಲ್ಲೂ ಹೀಗೆಯೇ. ವಿದ್ಯುದಾವೇಶ ತುದಿಗಳಲ್ಲಿ ಸೇರುತ್ತದೆ, ಮರಳುತ್ತದೆ. ವಿದ್ಯುತ್ ಪ್ರವಾಹ ನಡುವೆ ಗರಿಷ್ಠ, ತುದಿಯಲ್ಲಿ ಸೊನ್ನೆ.

ಇನ್ನೊಂದು ವಿಷಯ ಗಮನಿಸಿದಿರಾ? ಸರಿಯಾದ ತಾಳಕ್ಕೆ ಅಲುಗಿಸಿದಾಗ ಮಾತ್ರ ಅಲೆ ದೊಡ್ಡದಾಗುತ್ತದೆ. ಅಲೆ ಹೋಗಿ ಮರಳುವ ಹೊತ್ತಿಗೆ ಸರಿಯಾಗಿ ನಿಮ್ಮ ಕೈ ಮತ್ತೆ ತಳ್ಳಬೇಕು. ಇದನ್ನು ಅನುರಣನ ಎನ್ನುತ್ತಾರೆ.

ಈಗ ಲೆಕ್ಕ ಮಾಡೋಣ. 100 ಮೆಗಾಹರ್ಟ್ಸ್‌ನ ಎಫ್.ಎಂ. ತರಂಗ ಸೆಕೆಂಡಿಗೆ 10 ಕೋಟಿ ಬಾರಿ ಆಂದೋಲಿಸುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಅಂದರೆ ಒಂದು ಆಂದೋಲನದಲ್ಲಿ 3 ಮೀಟರ್ ಸಾಗುತ್ತದೆ. ತಂತಿಯಲ್ಲಿ ಹೋಗಲು 1.5, ಬರಲು 1.5 ಮೀಟರ್. ಹಾಗಾಗಿ ಡೈಪೋಲ್‌ನ ಒಟ್ಟು ಉದ್ದ 1.5 ಮೀಟರ್, ಒಂದೊಂದು ತೋಳು 75 ಸೆಂಟಿಮೀಟರ್! ನಿಜವಾದ ಆಂಟೆನಾವನ್ನು ಇದಕ್ಕಿಂತ ತುಸು ಗಿಡ್ಡ ಮಾಡುತ್ತಾರೆ.

ಆದರೆ ಯಾವ ಮಾದರಿಗೂ ಒಂದು ಮಿತಿ ಉಂಟು. ತಟ್ಟೆಯ ನೀರು ತಟ್ಟೆಯಲ್ಲೇ ಉಳಿಯುತ್ತದೆ. ಪ್ರಸಾರ ಮಾಡುವ ಡೈಪೋಲ್‌ನಿಂದಲಾದರೋ ಶಕ್ತಿ ತರಂಗವಾಗಿ ಹೊರಟುಹೋಗುತ್ತದೆ. ಹಾಗಾಗಿ ಸರಿಯಾದ ಉದ್ದದ ಡೈಪೋಲ್, ಮಂಡಲಕ್ಕೆ ಸುಮಾರು 73 ಓಮ್‌ನ ರೋಧಕದಂತೆ ಕಾಣುತ್ತದೆ. ಅಲ್ಲಿ ರೋಧಕವೇ ಇಲ್ಲ! ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ತಂತಿಯನ್ನು ಸಣ್ಣ ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿ ತುಂಡಿನ ಪ್ರವಾಹವನ್ನು ಲೆಕ್ಕಹಾಕಿ ಇದನ್ನೆಲ್ಲ ಮೊದಲೇ ತಿಳಿಯುತ್ತಾರೆ.

ಮಾಡಿ ನೋಡಿ: ರೇಡಿಯೋದಲ್ಲಿ ಕ್ಷೀಣವಾಗಿ ಕೇಳುವ ಎಫ್.ಎಂ. ಕೇಂದ್ರವೊಂದನ್ನು ಹಿಡಿಯಿರಿ. ಆಂಟೆನಾ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ, ಪ್ರತಿ ಸಲವೂ ಉದ್ದ ಅಳೆದು, ಶಬ್ದ ಹೇಗಿದೆ ಎಂದು ಬರೆದುಕೊಳ್ಳಿ. ಯಾವ ಉದ್ದದಲ್ಲಿ ಚೆನ್ನಾಗಿ ಕೇಳಿಸಿತು? ನೆನಪಿರಲಿ, ಆಂಟೆನಾ ಅಥವಾ ತಂತಿಯನ್ನು ವಿದ್ಯುತ್ ಕಂಬ, ವಿದ್ಯುತ್ ತಂತಿಗಳ ಬಳಿ ಎಂದೂ ಒಯ್ಯಬೇಡಿ.