ತಾಯ್ತನದ ಹೊಸ್ತಿಲಲ್ಲಿ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬುದು ನಮ್ಮ ಹಿರಿಯರ ಮಾತು. ಅದರಲ್ಲಿ ತಾಯಿಯ ಬಗೆಗಿನ ಗೌರವವೂ ಉಂಟು, ಅಂಜಿಕೆಯೂ ಉಂಟು. ಆದರೆ ಚೊಚ್ಚಿಲು ಬಸುರಿಯ ಕಿವಿಗೆ ಹೆಚ್ಚಾಗಿ ಬೀಳುವುದು ಅಂಜಿಕೆಯ ಮಾತೇ. ಬೇನೆಯನ್ನು ಮರೆಸುವ ಮದ್ದು ದೊರೆಯುವುದಾದರೆ ಯಾರು ತಾನೆ ಬೇಡವೆಂದಾರು? 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮನ್ನು ಬಳಸಿದನು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ಸ್ವೀಕರಿಸಿದಳು. ಹೀಗಿದ್ದೂ ಮದ್ದಿಲ್ಲದೆ ಹೆರುವ ಬಯಕೆ ಇಂದಿಗೂ ಅನೇಕ ತಾಯಂದಿರಲ್ಲಿ ಉಳಿದಿದೆ. ಅದನ್ನು ಬರಿಯ ಹಟವೆಂದು ತಳ್ಳಿಹಾಕುವುದು ಸರಿಯೆ?

ಭೀಮೆ ಮತ್ತು ಕೃಷ್ಣೆಯರ ನಡುವಿನ ಕರಿನೆಲ ನಮ್ಮದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಮೊದಲ ಹೆರಿಗೆ ತವರಿನ ಹಕ್ಕು. ಕುಬಸ ಮಾಡಿ ಮಗಳನ್ನು ಕರೆತರುತ್ತಾರೆ. ಹಿಂದೆ ಹೆರಿಗೆ ನಡೆಯುತ್ತಿದ್ದುದೂ ತವರಿನ ಒಳಮನೆಯಲ್ಲೇ. ಸೂಲಗಿತ್ತಿಯು ಬೆನ್ನು ನೀವುತ್ತ, ಧೈರ್ಯ ಹೇಳುತ್ತ ಬದಿಯಲ್ಲಿರುತ್ತಿದ್ದಳು. ಮಗು ಹುಟ್ಟಿದ ಮೇಲೆ ಅಳವಿಯ ಪಾಯಸ, ಅಂಟಿನ ಉಂಡೆ, ಎಣ್ಣೆನೀರು; ಬಾಣಂತಿಗೆ ಪೂರ್ಣ ವಿಶ್ರಾಂತಿ.

ನನ್ನ ತಂಗಿಯ ಚೊಚ್ಚಿಲ ಹೆರಿಗೆ ನಡೆದುದು ಇಂಡಿಯ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ. ನೋವು ಮರೆಸುವ ಮದ್ದನ್ನು ಆಕೆ ತೆಗೆದುಕೊಳ್ಳಲಿಲ್ಲ. ಬೇನೆ ಆರಂಭವಾದ ಬಳಿಕ ದಾದಿಯು ಆಕೆಯನ್ನು ಮಂಚಕ್ಕೆ ಕಟ್ಟಿಹಾಕದೆ ಮೆಲ್ಲಗೆ ಅಡ್ಡಾಡಲು ಬಿಟ್ಟಳು. ನಮ್ಮ ತಾಯಿಗೂ ಒಳಗಿರಲು ಅನುಮತಿ ದೊರೆಯಿತು. ಮುಂದೊಂದು ದಿನ ತಂಗಿ ತಾನಾಗಿಯೇ ಹೇಳಿದಳು:

"ಬ್ಯಾನಿ ಗಾಳಿ ಬಂದಂಗ ಬರತಿತ್ತು, ಹೋಗತಿತ್ತು ಅಣ್ಣಾ. ಹೋದಾಗ ಉಸರ ತಗೋತಿದ್ದೆ. ಕಡೀಕಡೀಕ ನನ್ನ ಕೈಲೆ ಆಗೂದಿಲ್ಲಂತ ಅತ್ತೆ. ಬ್ಯಾನಿ ಇರಲಿಲ್ಲಂತ ಸುಳ್ಳು ಹೇಳೂದಿಲ್ಲ. ಆದ್ರ ಅವ್ವ ಕೈ ಬಿಡಲಿಲ್ಲ ನೋಡು, ಅದಕ್ಕ ತಡಕೊಂಡೆ. ಕೂಸಿನ ದನಿ ಕೇಳಿದ ಮ್ಯಾಲ ಮೈಯಾಗ ಹೊಸ ಶಕ್ತಿ ಬಂದಂಗ ಆತು."

ಈ ಮಾತಿಗೆ ಶಾಸ್ತ್ರದ ಆಧಾರವೂ ಇದೆ. ಅಂಜಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ಬೇನೆ ಹೆಚ್ಚುತ್ತದೆ, ಬೇನೆಯಿಂದ ಅಂಜಿಕೆ ಮತ್ತಷ್ಟು ಬೆಳೆಯುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ವಾದಿಸಿದನು. 'ಸಹಜ ಹೆರಿಗೆ' ಎಂಬ ಹೆಸರಿನಲ್ಲಿ ಆತನ ಗ್ರಂಥ ಹೊರಬಂದುದು 1933ರಲ್ಲಿ. ಹೆರಿಗೆಯಲ್ಲಿ ತಾಯಿಯು ಮೆಚ್ಚಿದವರೊಬ್ಬರು ಜೊತೆಗಿರಬೇಕು, ಅಡ್ಡಾಡುವ ಸ್ವಾತಂತ್ರ್ಯ ಆಕೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಸೂಚಿಸಿತು.

ನಮ್ಮ ನಾಡಿನ ಸೂಲಗಿತ್ತಿಯರು ಇದನ್ನು ಅನುಭವದಿಂದಲೇ ಅರಿತಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಯಾರು ಅರಿಯರು? ಓದುಬರಹ ತಿಳಿಯದ ಆ ತಾಯಿ ಅಜ್ಜಿಯಿಂದ ವಿದ್ಯೆ ಕಲಿತು, ಹಣ ಬಯಸದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಸ್ವತಃ 12 ಮಕ್ಕಳನ್ನು ಹೆತ್ತವರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ತರಬೇತಾದ ಸೂಲಗಿತ್ತಿಯರನ್ನು ಸಿದ್ಧಗೊಳಿಸಲು ಭಾರತ ಸರಕಾರವು ಮಾರ್ಗಸೂಚಿಯನ್ನು ಹೊರಡಿಸಿದುದೂ ಅದೇ ತಿಂಗಳಲ್ಲಿ.

ಹಾಗೆಂದು ಆಸ್ಪತ್ರೆಯನ್ನು ತೊರೆದು ಒಳಮನೆಗೆ ಮರಳೋಣವೆಂದರೆ ಅದು ಅವಿವೇಕ. ಹೆರಿಗೆಯ ಬಳಿಕ ನಿಲ್ಲದ ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಸೆಳವು, ಅಡ್ಡಲಾದ ಕೂಸು, ಹೊರಬಾರದ ಮಾಸು: ಇವುಗಳೆದುರು ಧೈರ್ಯವೊಂದೇ ಸಾಲದು. ಮಳೆಗಾಲದಲ್ಲಿ ಡೋಣಿ ಉಕ್ಕಿ, ಕರಿಮಣ್ಣಿನ ದಾರಿ ಕೆಸರಾದಾಗ ಗಾಡಿ ಹೂಡಿ ಬಸುರಿಯನ್ನು ಒಯ್ಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಮರೆತಿಲ್ಲ. ಮಗು ಹುಟ್ಟಿದೊಡನೆ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ನೋವಿನ ಮದ್ದು ಬೇಡವೆಂದ ನನ್ನ ತಂಗಿಯೂ ಇದನ್ನು ಬೇಡವೆನ್ನಲಿಲ್ಲ. 'ಸಹಜ' ಎಂಬ ಹೆಸರಿನಲ್ಲಿ ಇಂಥದನ್ನು ನಿರಾಕರಿಸುವುದು ಜೀವದೊಡನೆ ಆಟವಾಡಿದಂತೆ.

ಇನ್ನೊಂದು ಕಡೆಯ ಅತಿರೇಕವನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲೇ ಆದುವು. ಇದು ಸಂತೋಷದ ಸಂಗತಿ. ಆದರೆ ಸುಮಾರು 31 ಹೆರಿಗೆಗಳು ಶಸ್ತ್ರಕ್ರಿಯೆಯಿಂದಾದುವು. ಶಸ್ತ್ರಕ್ರಿಯೆ ಎಷ್ಟೋ ತಾಯಂದಿರ ಜೀವ ಉಳಿಸಿದೆ. ಆದರೆ ಬೇನೆಯ ಭಯಕ್ಕೋ ಮುಹೂರ್ತದ ಆಸೆಗೋ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಉಚಿತವೆ?

ಮದ್ದು ಬೇಕೆಂದ ತಾಯಿ ಹೇಡಿಯಲ್ಲ; ಬೇಡವೆಂದವಳು ಹಟಮಾರಿಯೂ ಅಲ್ಲ. ವೈದ್ಯರ ಸಲಹೆ ಕೇಳಿ ತೀರ್ಮಾನಿಸುವ ಹಕ್ಕು ಹೆರುವವಳದು. ಮನೆಯವರಾದ ನಾವು ಮಾಡಬೇಕಾದ ಕೆಲಸ ಬೇರೆಯೇ ಇದೆ. ತಿಂಗಳು ತಿಂಗಳೂ ಆಕೆಯನ್ನು ತಪಾಸಣೆಗೆ ಕರೆದೊಯ್ಯಬೇಕು, ರಕ್ತಹೀನತೆ ಬಾರದಂತೆ ಉಣಿಸಬೇಕು, 108ರ ವಾಹನಕ್ಕೆ ಕರೆಮಾಡಲು ತಡಮಾಡಬಾರದು. ಅದಕ್ಕೂ ಮೊದಲು, ಬಸುರಿಯ ಮುಂದೆ ಅಂಜಿಕೆಯ ಕತೆಗಳನ್ನು ಹೇಳುವುದನ್ನು ಇಂದಿನಿಂದಲೇ ನಿಲ್ಲಿಸಬೇಕು.